ಬೈಯಲು ಒಬ್ಬರು ಬೇಕು

ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ, ಬಾಗಿಲ ಪಕ್ಕದ ಮೇಜಿನಲ್ಲಿ. ಅಲ್ಲಿಗೆ ಬರುವವರಿಗೆಲ್ಲ ನೋವು, ನೋವಿದ್ದವರಿಗೆಲ್ಲ ಸಿಟ್ಟು, ಆ ಸಿಟ್ಟೆಲ್ಲ ಮೊದಲು ಕಣ್ಣಿಗೆ ಬಿದ್ದವಳ ಮೇಲೆ. "ಸಾರಿ ಸಾರ್, ಇನ್ನೊಂದೈದು ನಿಮಿಷ" ಅಂದೂ ಅಂದೂ ನನ್ನ ದನಿ ಬೆಣ್ಣೆಯಾಗಿಬಿಟ್ಟಿದೆ. ಇಂಥವಳಿಗೆ ಟೇಬಲ್ ಟೆನಿಸ್ ಅಂಪೈರ್ ಆಗುವ ಹುಚ್ಚು ಹಿಡಿಯಿತು. ಅದೂ ಬಡಾವಣೆಯ ಪಂದ್ಯಗಳಿಗಲ್ಲ, ರಾಷ್ಟ್ರಮಟ್ಟದ ಬ್ಯಾಡ್ಜೇ ಬೇಕು. ಆಸೆ ಪಡುವುದಕ್ಕೇನು ತೆರಿಗೆಯೇ?

ಹೋದ ವರ್ಷ ಬರವಣಿಗೆಯ ಪರೀಕ್ಷೆ ಸಲೀಸಾಗಿ ಮುಗಿಯಿತು. ಆಮೇಲೆ ನಿಜವಾದ ಪಂದ್ಯವೊಂದನ್ನು ನಡೆಸಿ ತೋರಿಸಬೇಕು. ನಡುವೆ ಒಬ್ಬ ಕೋಚ್ "ಎತ್ಲಾಗ್ರೀ ನೋಡ್ತಿದ್ದೀರಾ?" ಎಂದು ಗದರಿದ. ನಾನು ಅಂಪೈರ್ ಕುರ್ಚಿಯಲ್ಲೇ ಎದ್ದು ನಿಂತು "ಸಾರಿ ಸಾರ್" ಅಂದುಬಿಟ್ಟೆ. ಪರೀಕ್ಷಕರು ನಗಲಿಲ್ಲ. "ನಿಯಮ ಎಲ್ಲ ನಿಮ್ಮ ಬಾಯಲ್ಲಿದೆ. ಆದ್ರೆ ಯಾರಾದ್ರೂ ದನಿ ಎತ್ತಿದ್ರೆ ಮುದುಡಿಹೋಗ್ತೀರಿ. ಮುಂದಿನ ವರ್ಷ ಬನ್ನಿ" ಅಂದರು. ಮುಂದಿನ ವರ್ಷವೇ ನನಗೆ ಕೊನೆಯದು. ಅದು ದಾಟಿದರೆ ವಯಸ್ಸು ಮೀರುತ್ತದೆ.

ಮನೆಗೆ ಬಂದು ಅತ್ತುಕೊಂಡು ಹೇಳಿದೆ. ನಮ್ಮವರು ಸಮಾಧಾನ ಮಾಡಿದರು, ಮಗಳು ನೀರು ತಂದುಕೊಟ್ಟಳು. ಅತ್ತೆ ಮಾತ್ರ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಿದರು.

"ಬೈಸ್ಕೊಳ್ಳೋದು ಅಭ್ಯಾಸ ಆಗ್ಬೇಕು, ಅಷ್ಟೇ ತಾನೇ? ನಾನಿಲ್ವಾ?"

ಅತ್ತೆಯ ಬಾಯಿಯ ವಿಷಯ ಬೀದಿಗೆಲ್ಲ ಗೊತ್ತು. ಕೊರಿಯರ್‌ನವನು ನಮ್ಮ ಮನೆಯ ಗೇಟಿನ ಹೊರಗೇ ನಿಂತು ಫೋನು ಮಾಡುತ್ತಾನೆ. ಆದರೆ ಸೊಸೆಯನ್ನು ಮನಸಾರೆ ಬೈಯಲು ಅವರಿಗೂ ಇದುವರೆಗೆ ತಕ್ಕ ಕಾರಣ ಸಿಕ್ಕಿರಲಿಲ್ಲವೋ ಏನೋ. ಸಂಜೆಯಾದರೆ ಊಟದ ಮೇಜಿನ ನಡುವೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ನೆಟ್ ಮಾಡುತ್ತಿದ್ದೆವು. ಅಪ್ಪ ಮಗಳು ಆಡಬೇಕು, ನಾನು ಸ್ಟೂಲಿನ ಮೇಲೆ ಕೂತು ತೀರ್ಪು ಕೊಡಬೇಕು, ಅತ್ತೆ ಬೆನ್ನ ಹಿಂದಿನಿಂದ ನನ್ನ ಜನ್ಮ ಜಾಲಾಡಬೇಕು. "ಏ, ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯೇನೇ?" "ನಿನ್ನನ್ನ ಯಾರು ಕರೆದು ಕುರ್ಚಿ ಮೇಲೆ ಕೂರ್ಸಿದ್ದು?" ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ನಗು ಬಂತು. ಕೊನೆಕೊನೆಗೆ ಏನೂ ಬರಲಿಲ್ಲ, ಬರೀ ಚೆಂಡು ಕಾಣುತ್ತಿತ್ತು. ಅವರು ನೆಂಟರ ಮನೆಗೆ ಹೋದ ದಿನಗಳಲ್ಲಿ ಮಾತ್ರ ನಾನು ತಪ್ಪುತ್ತಿದ್ದೆ. ಅದನ್ನು ಮಗಳು ಅಜ್ಜಿಗೆ ಚಾಡಿ ಹೇಳಿದ್ದಳು.

ಪರೀಕ್ಷೆಗೆ ಸಿಕ್ಕಿದ್ದು ಹುಡುಗಿಯರ ಫೈನಲ್. ಅತ್ತೆ ನನ್ನ ಜೊತೆಗೇ ಬಂದು, ಮೊದಲ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. "ತುಟಿ ಬಿಚ್ಚಲ್ಲ, ಆಯ್ತಾ?" ಎಂದು ಮಾತು ಕೊಟ್ಟಿದ್ದರು. ಪರೀಕ್ಷಕರು ಹೋದ ವರ್ಷದವರೇ.

ಜಡೆಯ ಹುಡುಗಿ, ಕನ್ನಡಕದ ಹುಡುಗಿ, ಇಬ್ಬರದೂ ಸಮಸಮ ಆಟ. ಸರ್ವ್ ಮಾಡುವಾಗ ಚೆಂಡನ್ನು ಅಂಗೈಯಿಂದ ಹೆಚ್ಚೂಕಡಿಮೆ ಒಂದು ಗೇಣು ಮೇಲಕ್ಕೆ ಎಸೆಯಬೇಕು. ಜಡೆಯವಳು ಎಸೆದಂತೆ ಮಾಡಿ ಬೆರಳ ತುದಿಯಲ್ಲೇ ಹೊಡೆದುಬಿಡುತ್ತಿದ್ದಳು. ಒಮ್ಮೆ ಎಚ್ಚರಿಸಿದೆ. ಮತ್ತೆ ಮಾಡಿದಾಗ ಕೈ ಎತ್ತಿದೆ. "ಫಾಲ್ಟ್." ಅವಳ ಕೋಚ್, ಗಡ್ಡದವನು, ಎದ್ದು ಬಂದು ಮುಖಕ್ಕೆ ಮುಖ ಕೊಟ್ಟು ಕೂಗಾಡಿದ. ಇಷ್ಟೇನಾ ಅನ್ನಿಸಿತು. ನಮ್ಮ ಮನೆಯಲ್ಲಿ ಇದನ್ನು ಬೈಗುಳವೆಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜೇಬಿನಿಂದ ಹಳದಿ ಕಾರ್ಡು ತೆಗೆದು ತೋರಿಸಿದೆ. ಅವನು ಗೊಣಗುತ್ತಾ ಹೋಗಿ ಕೂತ.

ಕೊನೆಯ ಗೇಮು ಒಂಬತ್ತು–ಒಂಬತ್ತಕ್ಕೆ ಬಂತು. ಹಾಲ್ ಪೂರ್ತಿ ಮೌನ. ನನಗೆ ಕಷ್ಟವಾದದ್ದು ಆಗಲೇ. ಯಾರೂ ಬೈಯುತ್ತಿಲ್ಲ! ಸ್ಕೋರ್ ಹೇಳಹೊರಟವಳು ಅಂಕಿ ಮರೆತು ಬೋರ್ಡು ನೋಡಿದೆ. ಅದು ಅತ್ತೆಗೂ ಕಂಡಿರಬೇಕು. ಕನ್ನಡಕದ ಹುಡುಗಿ ಬ್ಯಾಟು ಬೀಸುವ ಹೊತ್ತಿಗೆ ಸರಿಯಾಗಿ ಮೊದಲ ಸಾಲಿನಿಂದ ಸಿಡಿಲು ಬಡಿಯಿತು.

"ಏ, ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯೇನೇ?"

ಹುಡುಗಿ ಬೆಚ್ಚಿದಳು. ಚೆಂಡು ನೆಟ್ಟಿಗೆ ಬಿತ್ತು. ಅತ್ತೆ ಕೂಗಿದ್ದು ನನ್ನನ್ನು ಉಳಿಸಲಿಕ್ಕೆ, ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

"ಪಾಯಿಂಟ್ ನಮ್ದು!" ಎಂದ ಗಡ್ಡದವನು.

"ಲೆಟ್," ಅಂದೆ. "ಆಟಕ್ಕೆ ಅಡ್ಡಿಯಾಗಿದೆ. ಮತ್ತೆ ಆಡಿ."

"ಅಡ್ಡಿ ಮಾಡಿದ್ದು ನಿಮ್ಮ ಮನೆಯವ್ರೇ ಅಲ್ವೇನ್ರೀ? ಒಟ್ಟಿಗೇ ಬಂದಿದ್ದನ್ನ ನಾನೇ ನೋಡಿದೀನಿ!"

ಹಾಲಿನ ಕಣ್ಣೆಲ್ಲ ನನ್ನ ಮೇಲೆ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಷ್ಟು ಗಾಬರಿಯಾದ ಅತ್ತೆಯನ್ನು ನಾನು ಎಂದೂ ಕಂಡಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಬ್ಯಾಡ್ಜು ಹೋಗುತ್ತದೆ. ಮಾತಾಡಿದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಎದ್ದು ನಿಂತೆ.

"ಮೊದಲ ಸಾಲಿನಲ್ಲಿ ಕೂತಿರೋ ಅಮ್ಮ, ಆಟ ನಡೀವಾಗ ಕೂಗಿದ್ದೀರಿ. ದಯವಿಟ್ಟು ಆಚೆ ಹೋಗಿ."

ಸಾರಿ ಅನ್ನಲಿಲ್ಲ. ದನಿಯೂ ನಡುಗಲಿಲ್ಲ. ಅತ್ತೆ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ, ಚೀಲ ತೆಗೆದುಕೊಂಡು, ಚಕಾರವೆತ್ತದೆ ನಡೆದರು. ಬಾಗಿಲು ಮುಚ್ಚಿಕೊಂಡಿತು. ಗಡ್ಡದವನ ಬಾಯಿಯೂ ಮುಚ್ಚಿಕೊಂಡಿತು.

ಮತ್ತೆ ಆಡಿಸಿದ ಪಾಯಿಂಟನ್ನೂ, ಅದರ ಮುಂದಿನದನ್ನೂ ಅವನ ಹುಡುಗಿಯೇ ಗೆದ್ದಳು. ಕೈ ಕುಲುಕುವಾಗ ಅವನು ನೆಲ ನೋಡುತ್ತಿದ್ದ.

ಪರೀಕ್ಷಕರು ಹತ್ತಿರ ಕರೆದರು. "ಆ ಹೆಂಗಸು ಯಾರು?"

"ನಮ್ಮ ಅತ್ತೆ, ಸಾರ್."

ಅವರು ಹಾಳೆಗೆ ಸಹಿ ಹಾಕಿದರು. "ಪಾಸ್," ಅಂದರು. ಆಮೇಲೆ ದನಿ ತಗ್ಗಿಸಿ, "ರಾತ್ರಿ ಊಟ ಹೊರಗೇ ಮುಗಿಸ್ಕೊಂಡು ಹೋಗಿಮ್ಮ" ಅಂದರು.

ಅತ್ತೆ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಎದ್ದರು.

"ಯಾರು ಗೆದ್ರು?"

"ನಾನು."

ಅವರ ಕಣ್ಣು ತುಂಬಿ ಬಂತು. ನನ್ನದೂ. ಪಕ್ಕದಲ್ಲಿ ನೆಲ ಒರೆಸುತ್ತಿದ್ದವಳನ್ನು ಕರೆದು, "ನನ್ನನ್ನ ಆಚೆ ಹಾಕಿದ್ದು ಇವಳೇ. ನನ್ನ ಸೊಸೆ!" ಎಂದು ಬೀಗಿದರು. ಮೂವತ್ತು ಮನೆಗೆ ಕೇಳುವ ದನಿ. ಒಳಗಿನಿಂದ ಯಾರೋ ಬಂದು ಸದ್ದು ಮಾಡಬೇಡಿ ಎಂದು ಹೇಳಿಹೋದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. "ಇಷ್ಟಕ್ಕೇ ಮುಗೀತಾ? ಇದರ ಮೇಲೆ ಇನ್ನೇನೂ ಇಲ್ವಾ?"

"ಅಂತಾರಾಷ್ಟ್ರೀಯ ಬ್ಯಾಡ್ಜ್ ಇದೆ ಅತ್ತೆ. ಹೊರದೇಶದ ಆಟಗಾರರು, ಹೊರದೇಶದ ಕೋಚ್‌ಗಳು. ತುಂಬಾ ಕಷ್ಟ."

ಅತ್ತೆ ಎರಡು ಸ್ಟಾಪು ಯೋಚಿಸಿದರು.

"ಹಾಗಾದ್ರೆ ಆ ಭಾಷೆಗಳಲ್ಲಿ ಬೈಯೋದು ನಂಗೆ ಯಾರು ಹೇಳ್ಕೊಡ್ತಾರೆ, ವಿಚಾರ್ಸು."