ಬೆಲ್ಲದ ಕಡಾಯಿಯಲ್ಲಿ ಬಂದವನು

ಎರಡು ಸಾವಿರದ ಆರರ ಶ್ರಾವಣದಲ್ಲಿ ಭೀಮಾ ಹೊಳೆ ನಮ್ಮ ಮನೆಗೆ ಬಂದಾಗ ಚುರುಚುರು ಬಿಸಿಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ಪೂರಾ ಹುಚ್ಚನೆಂದುಕೊಳ್ಳುತ್ತೀರಿ. ಆಲಮೇಲದ ಆಚೆ, ಹೊಳೆದಂಡೆಯ ನಮ್ಮೂರಲ್ಲಿ ಎಂಟು ದಿನದಿಂದ ಒಂದು ಹನಿ ಉದುರಿರಲಿಲ್ಲ. ಮಳೆ ಹುಯ್ದದ್ದೆಲ್ಲ ಮೇಲೆ, ಮಹಾರಾಷ್ಟ್ರದಲ್ಲಿ. ನಮ್ಮ ಮಂದಿಗೋ ಹೊಳೆಯ ಸುದ್ದಿ ಬೇಕಾದರೂ ಮುಗಿಲು ನೋಡುವ ಚಟ. ನಾನೂ ನೋಡಿದೆ. ಒಂದು ಮೋಡ ಇರಲಿಲ್ಲ.

ಮುಂಜಾನೆ ಭೀಮು ಹಲಗಿ ಬಾರಿಸುತ್ತ ಬಂದ. ಊರಲ್ಲಿ ಡಂಗುರ ಸಾರುವವನು ಅವನೇ. ಕಬ್ಬಿನ ಹಂಗಾಮಿನಲ್ಲಿ ಗಾಣದ ಮನೆಯಲ್ಲಿ ಬೆಲ್ಲ ಕುದಿಸುವವನೂ ಅವನೇ.

“ಮ್ಯಾಲಿಂದ ನೀರು ಬಿಟ್ಟಾರ್ರೆಪೋ! ಮಧ್ಯಾಹ್ನದೊಳಗ ಎಲ್ಲಾರೂ ಸಾಲಿ ದಿಬ್ಬಕ್ಕ ಹೋಗ್ರಿ!”

“ಏ ಭೀಮೂ, ಬಿಸಲಾಗ ತಲಿ ಕಾದೈತೇನೋ?” ಎಂದೆ. “ತೊಂಬತ್ತೆಂಟರಾಗ ಹೊಳಿ ನಮ್ಮ ಕಟ್ಟಿ ಮುಟ್ಟಿ ಹೊಳ್ಳಿ ಹೋಗೇತಿ. ಈ ಖಂಡೆಪ್ಪಗ ಹೊಳಿ ಬುದ್ಧಿ ಹೇಳಾಕ ಬರಬ್ಯಾಡ.”

ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ಹೊಟ್ಟೆ ಹಿಡಿದು ನಕ್ಕರು. ಭೀಮು ನಗಲಿಲ್ಲ. “ನಿಮ್ಮ ಎಮ್ಮಿ ಗಬ್ಬ ಐತ್ರಿ ಸಾವಕಾರ್ರ, ಲಗೂನ ಹೊಡಕೊಂಡು ಹೋಗ್ರಿ,” ಎಂದು ಮುಂದಿನ ಮನೆಗೆ ನಡೆದ.

ನಕ್ಕ ನಾಲ್ವರೂ ಊಟದ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ದಿಬ್ಬ ಹತ್ತಿದ್ದರು. “ನೀವು ಮುಗಲು ನೋಡ್ಕೋತ ಕುಂಡ್ರಿ, ನಾ ಹೊಂಟೆ,” ಎಂದು ನನ್ನ ಹೆಂಡತಿ ಶಂಕ್ರೆವ್ವನೂ ಹೋದಳು. ನಾನು ಉಳಿದದ್ದು ಬರೀ ಹಟಕ್ಕಲ್ಲ. ಎಮ್ಮೆ ಗಂಗಿಗೆ ದಿನ ತುಂಬಿತ್ತು. ಎರಡು ಸಲ ಕರು ಕಳೆದುಕೊಂಡಿದ್ದಳು. ಕಡಿದಾದ ದಿಬ್ಬ ಹತ್ತಿಸಿದರೆ ಈ ಸಲವೂ ದಕ್ಕದೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಹೊಳೆ ಎದುರಿನಿಂದ ಬರುತ್ತದೆಂದು ನಾನು ಮುಂಬಾಗಿಲಲ್ಲಿ ಕಾದು ಕೂತಿದ್ದರೆ, ಅದು ಹಳ್ಳ ಹಿಡಿದು ಹಿತ್ತಲಿಗೆ ಬಂತು. ದಿಬ್ಬದ ದಾರಿ ಮುಚ್ಚಿಹೋಯಿತು. ಗಂಗಿ ತೇಲಿಹೋಗಬಾರದೆಂದು ಬೇವಿನ ಮರಕ್ಕೆ ಎರಡು ಗಂಟು ಹಾಕಿ ಬಿಗಿದೆ. ನೀರು ನನ್ನ ಸೊಂಟಕ್ಕೆ ಬಂತು, ಸಂಜೆಯ ಹೊತ್ತಿಗೆ ಎದೆಗೆ ಬಂತು. ಅವಳ ಮೂತಿಯನ್ನು ಎತ್ತಿ ಹಿಡಿದು ನಿಂತೆ. ನಿಜ ಹೇಳುತ್ತೇನೆ, ಆಗ ಅಳು ಬಂತು.

ಆಗ ಕಂಡ, ಭೀಮು. ಗಾಣದ ಮನೆಯ ದೊಡ್ಡ ಕಡಾಯಿಯಲ್ಲಿ ಕೂತು, ಮರದ ಹಲಗೆಯೊಂದರಿಂದ ನೀರು ತಳ್ಳುತ್ತ ಬರುತ್ತಿದ್ದ.

“ಹತ್ರಿ ಸಾವಕಾರ್ರ.”

“ಗಂಗಿನ್ನ ಬಿಟ್ಟು ಬರಂಗಿಲ್ಲ.”

“ಹಗ್ಗ ಬಿಚ್ರಿ. ಅದಕ್ಕ ಈಸಾಕ ಬರ್ತೈತಿ. ನಿಮಗ ಬರಂಗಿಲ್ಲ.”

ಅರವತ್ತು ವರ್ಷ ಹೊಳೆದಂಡೆಯಲ್ಲಿ ಬಾಳಿಯೂ ಈಸಲು ಕಲಿಯದವನು ನಾನೊಬ್ಬನೇ. ಊರಿಗೆಲ್ಲ ಗೊತ್ತಿದ್ದ ಮಾತು. ಅವಳನ್ನು ಮುಳುಗಿಸುತ್ತಿದ್ದದ್ದು ನಾನು ಕಟ್ಟಿದ ಹಗ್ಗವೇ ಎಂದು ಆಗ ಹೊಳೆಯಿತು. ನೆನೆದ ಗಂಟು ಬಿಚ್ಚಲಿಲ್ಲ. ಭೀಮು ನೀರಿಗಿಳಿದು ಕುಡುಗೋಲಿನಿಂದ ಕೊಯ್ದ. ನನ್ನನ್ನು ಕಡಾಯಿಯೊಳಗೆ ಎತ್ತಿ ಹಾಕಿ, ಒಂದು ಕೈಯಲ್ಲಿ ಅದರ ಹಿಡಿಕೆ, ಇನ್ನೊಂದರಲ್ಲಿ ಗಂಗಿಯ ಬಾಲ ಹಿಡಿದ. ದಿಬ್ಬದ ಮೇಲೆ ಊರ ದನಗಳು ಕೂಗುತ್ತಿದ್ದವು. ಗಂಗಿ ಆ ಕಡೆ ಮೂತಿ ತಿರುಗಿಸಿ ಹೊರಟಳು. ನಾನು ಉಳಿಸಲೆಂದು ನಿಂತ ಎಮ್ಮೆ ನನ್ನನ್ನೇ ಎಳೆದುಕೊಂಡು ಹೋಯಿತು. ನಾನು ಎರಡೂ ಕೈಯಿಂದ ಕಡಾಯಿಯ ಅಂಚು ಹಿಡಿದು ಇದ್ದಬಿದ್ದ ದೇವರನ್ನೆಲ್ಲ ಕರೆದೆ.

ಮರುದಿನ ಬೆಳಿಗ್ಗೆ ದಿಬ್ಬದ ಮೇಲಿನ ಶಾಲೆಯ ಅಂಗಳದಲ್ಲಿ ಗಂಗಿ ಈದಳು. ಹೆಣ್ಣು ಕರು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ನಿಂತಿತು.

ಶಂಕ್ರೆವ್ವ ಯಾರದೋ ಪಾತೇಲಿ ತಂದು ಗಿಣ್ಣ ಕಾಸಿದಳು. ಹೊಸ ಹಾಲಿನ ಮೊದಲ ಗಿಣ್ಣ ದೇವರ ಜಗಲಿಗೆ ಹೋಗಬೇಕು. ನಮ್ಮ ಜಗಲಿ ನೀರಿನಡಿ ಇತ್ತು. “ಮೊದಲ ಯಾರಿಗಿ ಕೊಡೂದ್ರೀ?” ಎಂದಳು. ನಾನು ತಾಟು ಹಿಡಿದು ಭೀಮುವಿನ ಹತ್ತಿರ ಹೋದೆ. ಅವನು ಶಾಲೆಯ ಗೋಡೆಗೆ ಒರಗಿ ಕೂತಿದ್ದ.

“ನಿನ್ನ ಅಷ್ಟು ಹಂಗಿಸಿದ್ನಲ್ಲೋ, ಮತ್ಯಾಕ ಬಂದಿ?”

“ಸಂಜೀಕ ಇಲ್ಲಿ ಮನಿ ಮನಿ ಮಂದಿನ್ನ ಎಣಿಸಿದೆರಿ. ನೀವೊಬ್ಬರ ಕಮ್ಮಿ ಬಿದ್ರಿ.”

“ಎಣಿಸೂದು ನಿನ್ನ ಕೆಲಸೇನೋ?”

“ಸಾರಿದಾಂವ ನಾನಲ್ರೀ? ಮಂದಿ ಬಂದು ಮುಟ್ಟೂತನಾ ಸಾರೂ ಕೆಲಸ ಮುಗಿಯಂಗಿಲ್ರಿ.”

ನಿನ್ನೆ ನಕ್ಕ ನಾಲ್ವರೂ ಅಲ್ಲೇ ಇದ್ದರು. ಅವರಿಗೂ ಕೇಳುವ ಹಾಗೆ ಹೇಳಿದೆ: “ಭೀಮೂ, ನಿನ್ನ ಉಪಕಾರ ನಾ ಸಾಯೂತನಾ ಮರಿಯಂಗಿಲ್ಲಪಾ.”

ಅವನು ನಾಚಿ ತಾಟನ್ನು ನನ್ನ ಕಡೆ ಸರಿಸಿದ. “ಆರಿ ಹೋಗತೈತ್ರಿ, ನೀವೂ ತಿನ್ರಿ.”

ನಮ್ಮ ಮನೆತನದವರು ಭೀಮುವಿನ ಕೇರಿಯವರ ಕೈಯಿಂದ ನೀರು ಸಹ ಕುಡಿದವರಲ್ಲ. ಅವರನ್ನು ಹೊಸ್ತಿಲೊಳಗೆ ಕರೆದವರೂ ಅಲ್ಲ. ಶಂಕ್ರೆವ್ವ ಪಾತೇಲಿ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಭೀಮುವಿನ ಪಕ್ಕ ಕೂತು ಅದೇ ತಾಟಿಗೆ ಕೈ ಹಾಕಿದೆ.

“ಸರೀರಿ ಅತ್ಲಾಗ,” ಎಂದು ಶಂಕ್ರೆವ್ವನೂ ಬಂದು ಕೂತಳು.