ಹಲಗೆಯ ಅಂಚಿಗೆ ಮೂಗು

ನೆಲಮಾಳಿಗೆಯ ಆಟದ ರೈಲನ್ನು ಮಾರುತ್ತೇನೆಂದು ಅಪ್ಪ ಹೇಳಿದ. ಕ್ರಿಸ್‌ಮಸ್ಸಿನ ಸ್ಟೋಲನ್ ಬ್ರೆಡ್ಡು ಕೊಯ್ಯುತ್ತಿದ್ದ ಅಮ್ಮ ಹಾಗೇ ಕೊಯ್ಯುತ್ತಾ ಹೋದಳು. ನೆಲಮಾಳಿಗೆಯಲ್ಲಿ ಬಟ್ಟೆ ಒಣಹಾಕುವ ಜಾಗ ವಾಪಸು ಬರುತ್ತದೆಂಬ ಸಮಾಧಾನ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಅವತ್ತು ಅಡ್ವೆಂಟಿನ, ಅಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳ, ಎರಡನೇ ಭಾನುವಾರ. ಕೊಳ್ಳುವವನು ಮರುದಿನ ಚ್ವಿಕಾವ್ ಪಟ್ಟಣದಿಂದ ವ್ಯಾನು ತರುವವನಿದ್ದ.

ಅಪ್ಪ ದುಡಿಯುತ್ತಿದ್ದ ಕಾಲುಚೀಲದ ಕಾರ್ಖಾನೆ ಮುಚ್ಚಿ ಅವನು ಮನೆಯಲ್ಲಿ ಕೂತ ವರ್ಷ ಶುರುವಾದದ್ದು ಆ ರೈಲು ಕಟ್ಟುವ ಕೆಲಸ. ಅವನ ಚಿಕ್ಕಂದಿನಲ್ಲಿ ಅಜ್ಜನದೊಂದು ಹಲಗೆಯಿತ್ತು, ಹಳಿ, ಸುರಂಗ, ಸ್ಟೇಷನ್ನು ಕೂರಿಸಿದ ಆಟದ ರೈಲಿನದು. ವರ್ಷವಿಡೀ ಬೀರುವಿನ ಹಿಂದೆ ಗೋಡೆಗೊರಗಿ ನಿಂತಿರುತ್ತಿದ್ದ ಅದು ಅಡ್ವೆಂಟ್ ಬಂದೊಡನೆ ಊಟದ ಮೇಜಿನ ಮೇಲೆ ಮಲಗುತ್ತಿತ್ತು. ಕಾಡಿನಿಂದ ಪಾಚಿ ತಂದು ಹುಲ್ಲುಗಾವಲು ಮಾಡುತ್ತಿದ್ದರು. ಸುರಂಗದ ಹಿಂದೆ ಅಜ್ಜ ಒಂದು ಧೂಪದ ಗುಳಿಗೆ ಹಚ್ಚಿಡುತ್ತಿದ್ದ, ಎಂಜಿನ್ನು ಹೊಗೆಯೊಳಗಿಂದ ಹೊರಬರುತ್ತಿತ್ತು. ಫೆಬ್ರವರಿಯಲ್ಲಿ, ಕ್ರಿಸ್‌ಮಸ್ ಕಾಲ ಮುಗಿಯುವ ಮೋಂಬತ್ತಿ ಹಬ್ಬದ ದಿನ, ಹಬ್ಬದ ಉಳಿದೆಲ್ಲ ಸಾಮಾನಿನ ಜೊತೆ ರೈಲೂ ಒಳಗೆ ಹೋಗಬೇಕಿತ್ತು. ಮಿಕ್ಕ ತಿಂಗಳು ಅಪ್ಪ ಬೀರುವಿನ ಸಂದಿಗೆ ಕಣ್ಣಿಟ್ಟು ಕಳೆಯುತ್ತಿದ್ದನಂತೆ.

ಅಜ್ಜ ಸತ್ತಾಗ ಹಲಗೆಗೆ ಹುಳ ಹಿಡಿದಿತ್ತು. ಅಪ್ಪ ನೆಲಮಾಳಿಗೆಯಲ್ಲಿ ಅಂಥದ್ದನ್ನೇ ಹೊಸದಾಗಿ ಕಟ್ಟಿದ. ಹಳೆ ಸಾಮಾನಿನ ಸಂತೆಗಳಲ್ಲಿ ಅಲೆದು ಅದೇ ಹಸಿರು ಬೋಗಿಗಳನ್ನು ತಂದ. ಅದೇ ತಿರುವು, ಅದೇ ಸುರಂಗ, ಚಾವಣಿಯ ಮೂಲೆ ಮುರಿದ ಅದೇ ಸ್ಟೇಷನ್ನು. ಮೂಲೆಯನ್ನು ಬೇಕೆಂದೇ ಮುರಿದ. ಬೆನ್ನಿಗೆ ಒಳ್ಳೆಯದೆಂದು ಹಲಗೆಯನ್ನು ಸೊಂಟದೆತ್ತರಕ್ಕೆ ಇಟ್ಟ. ಆರು ವರ್ಷ ಹಿಡಿಯಿತು. ಮುಗಿದ ದಿನ ರೈಲನ್ನು ಮೂರು ಸುತ್ತು ಓಡಿಸಿ ದೀಪ ಆರಿಸಿ ಮೇಲೆ ಬಂದ. ಆಮೇಲೆ ಇಳಿದದ್ದು ಕಡಿಮೆ.

ಆ ಭಾನುವಾರವೇ, ಕೊನೆಯ ಸಲ ನೋಡಲೆಂದು ರೋಸ್ವಿಥಾ ಅತ್ತೆ ಕಾಫಿಗೆ ಬಂದಳು. ಅಪ್ಪನ ತಂಗಿ, ಎರಡು ವರ್ಷ ಚಿಕ್ಕವಳು. ನಗರದಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾಗಿದ್ದಳು. ಕೋಟು ಬಿಚ್ಚದೆ ನೆಲಮಾಳಿಗೆಗೆ ಇಳಿದಳು, ನಾನೂ ಹಿಂದೆ ಹೋದೆ. ಅಪ್ಪ ವೇಗದ ಗುಂಡಿ ತಿರುಗಿಸಿ ರೈಲು ಬಿಟ್ಟ.

"ಎಲ್ಲಾ ಸರಿಯಾಗಿದೆ," ಅಂದಳು ಅತ್ತೆ.

"ಸರಿಯಾಗಿದೆ, ಅದೇ ಕಷ್ಟ. ಆಗ ಸುರಂಗದಿಂದ ಎಂಜಿನ್ನು ಬಂದ್ರೆ ಎದೆ ಧಸಕ್ ಅನ್ನೋದು. ಈಗ ಆಟದ ಸಾಮಾನು ಆಟದ ಸಾಮಾನಾಗೇ ಕಾಣತ್ತೆ. ಧೂಪ ಹಚ್ಚಿ ನೋಡ್ದೆ, ಕೆಮ್ಮು ಬಂತು."

"ಎಕಾರ್ಟ್, ಆಗ ನೀನೆಷ್ಟು ಎತ್ತರ ಇದ್ದೆ?"

"ಅದ್ಯಾಕೀಗ?"

"ಅಂಚಿಗೆ ಮೂಗು ತಾಗಿಸ್ಕೊಂಡು ನಿಂತಿರ್ತಿದ್ವಿ, ಇಬ್ರೂ. ಮೂಗಿನ ಮೇಲೆ ಗೆರೆ ಬೀಳೋದು. ಮೇಲಿಂದ ನೋಡ್ತಿದ್ದದ್ದು ನಮ್ಮಪ್ಪ ಒಬ್ರೇ. ನೀನು ಕಟ್ಟಿರೋದು ಅವರು ನೋಡಿದ ರೈಲು."

ಅಪ್ಪ ಅವಳನ್ನು ನೋಡಿದ, ಹಲಗೆಯನ್ನು ನೋಡಿದ. ಆಮೇಲೆ ಮಂಡಿ ಹಿಡಿದುಕೊಂಡು, ಮುಲುಗುತ್ತಾ ನೆಲಕ್ಕಿಳಿದ. ಗಲ್ಲ ಅಂಚಿಗೆ ಬಂತು. ಮಾತಿನ ನಡುವೆ ಅವನು ಗುಂಡಿ ಹಿಂದಕ್ಕೆ ತಿರುಗಿಸಿದ್ದ, ರೈಲು ಸುರಂಗದೊಳಗೆ ನಿಂತಿತ್ತು. ಅಪ್ಪ ಮೇಲೆ ಕೈ ಚಾಚಿದ. ಹಲಗೆಯ ಒಳಬದಿಯಲ್ಲಿದ್ದ ಗುಂಡಿ ಎಟುಕಲಿಲ್ಲ.

"ನಾನು ಓಡಿಸ್ತೀನಿ," ಅಂತ ಅತ್ತೆ ಮುಂದೆ ಬಂದಳು.

"ಕಣ್ಣಲ್ಲಿ ನೋಡು, ಕೈಯಲ್ಲಲ್ಲ," ಅಂದ ಅಪ್ಪ.

ಅದು ಅಜ್ಜನ ಮಾತು. ನಾನೇ ನೂರು ಸಲ ಕೇಳಿದ್ದೇನೆ. ಅಪ್ಪನಿಗೆ ಹತ್ತು ತುಂಬಿದ ವರ್ಷ ಅಜ್ಜ ಅವನ ಕೈಗೆ ಗುಂಡಿ ಕೊಟ್ಟ. ಅತ್ತೆಗೆ ಹತ್ತು ತುಂಬಿದಾಗ ಪುಟ್ಟ ಮನೆಗಳ ಧೂಳು ಒರೆಸುವ ಕುಂಚ ಸಿಕ್ಕಿತು.

ಅತ್ತೆ ಕೋಟಿನ ಗುಂಡಿ ಹಾಕಿಕೊಂಡಳು. "ಕಾಫಿ ಆರತ್ತೆ," ಅಂದಳು. "ನಾಳೆ ವ್ಯಾನಿನವನಿಗೆ ಧೂಳು ಒರೆಸಿ ಕೊಡು. ಕುಂಚ ಎಲ್ಲಿದೆ ಅಂತ ನಂಗೊತ್ತಿಲ್ಲ."

ಅವಳು ಮೆಟ್ಟಿಲ ಹತ್ತಿರ ಹೋದಳು. ಅಪ್ಪ ನೆಲದಲ್ಲೇ ಇದ್ದ. ಏಳಲು ಆಗಲಿಲ್ಲವೋ ಮನಸ್ಸಿರಲಿಲ್ಲವೋ, ನಾನು ಹೇಳಲಾರೆ. ನಾನು ಗುಂಡಿಯ ಕಡೆ ಹೋದರೆ "ಬೇಡ ಕಾಟ್ರಿನ್" ಅಂದ. ಆಮೇಲೆ ಕೂಗಿದ:

"ರೋಸಿ! ಬಲಕ್ಕೆ ತಿರುಗಿಸ್ಬೇಕು. ನಿಧಾನ."

"ಮೂವತ್ತು ವರ್ಷ ಟ್ರಾಮ್ ಓಡಿಸಿದೀನಿ. ನಂಗೆ ಹೇಳ್ಕೊಡ್ತಾನೆ ಇವ್ನು," ಅನ್ನುತ್ತಾ ಅವಳು ವಾಪಸು ಬಂದಳು. ಗುಂಡಿ ಹಿಡಿದು ಒಂದೇ ಸಲಕ್ಕೆ ತಿರುಗಿಸಿದಳು. ರೈಲು ಸುರಂಗದಿಂದ ಗುಂಡಿನ ಹಾಗೆ ಹಾರಿ ಬಂತು. ತಿರುವಿನಲ್ಲಿ ಹಳಿ ತಪ್ಪಿ, ಅಂಚು ದಾಟಿ, ಎಂಜಿನ್ನು ಅಪ್ಪನ ಸ್ವೆಟರಿನ ಮಡಿಲಿಗೆ ಬಿತ್ತು.

"ಅಯ್ಯೋ! ನಿಂಗೇನೂ ಆಗಿಲ್ಲ ತಾನೆ?"

"ನಂಗೇನಾಗತ್ತೆ? ಎಂಜಿನ್ನು!" ಅಪ್ಪ ಅದನ್ನು ಬೆಳಕಿಗೆ ಹಿಡಿದ. ಢಿಕ್ಕಿ ತಡೆಯಲೆಂದು ಮುಂದಿರುವ ಬಫರ್ ಒಂದು ಬಾಗಿತ್ತು. ಬಯ್ಯುತ್ತಾನೆ ಅಂದುಕೊಂಡೆ. ಅವನು ಬೆರಳಲ್ಲೇ ಅದನ್ನು ನೆಟ್ಟಗೆ ಮಾಡಿ ಹಳಿಯ ಮೇಲಿಟ್ಟ. "ನಂಗೇ ಢಿಕ್ಕಿ ಹೊಡೆಯೋಕೆ ಬಂತು ಕಣೆ," ಅಂದ. "ಕಣ್ಣು ಮುಚ್ಬಿಟ್ಟೆ. ಇನ್ನೊಂದ್ಸಲ ಬಿಡು."

ಎರಡನೇ ಸಲ ಅವಳು ನಿಜವಾಗಿಯೂ ನಿಧಾನ ಓಡಿಸಿದಳು. ಸುರಂಗದ ಬಾಯಲ್ಲಿ ಮೊದಲು ಬೆಳಕು ಕಂಡಿತು, ಆಮೇಲೆ ಎಂಜಿನ್ನಿನ ಕಪ್ಪು ಮುಖ. ಅಪ್ಪ ಉಸಿರು ಬಿಡಲಿಲ್ಲ. ಅತ್ತೆ ರೈಲನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ತನ್ನ ಕೈಯ ಮೇಲಿತ್ತು.

ಇನ್ನೂ ಎಷ್ಟೋ ಸುತ್ತುಗಳಾದವು. ಅಮ್ಮ ಮೇಲಿಂದ ಎರಡು ಸಲ ಕರೆದಳು.

"ಕಾಲು ಕತ್ತರಿಸ್ಬಿಡ್ತೀನಿ," ಅಂದ ಅಪ್ಪ. ಹಲಗೆಯ ಕಾಲು. "ನೆಲದ ಮೇಲೆ ಕೂತ್ರೆ ಅಂಚು ಸರಿಯಾಗಿ ಮೂಗಿಗೆ ಬರೋ ಹಾಗೆ ಮಾಡ್ತೀನಿ. ಗುಂಡಿನೂ ಎಟುಕತ್ತೆ."

"ಮುಟ್ಟಿದ್ರೆ ನೋಡು. ನಂಗೆ ಬಗ್ಗೋಕಾಗಲ್ಲ, ಎತ್ತರ ಇಷ್ಟೇ ಇರ್ಲಿ. ನೀನು ಒಂದು ಗಿಡ್ಡ ಸ್ಟೂಲು ಹಾಕ್ಕೊಂಡು ಕೆಳಗೆ ಕೂತ್ಕೋ."

"ಅಂದ್ರೆ ನೀನಿಲ್ದೆ ನಾನು ನೋಡೋ ಹಾಗೇ ಇಲ್ಲ."

"ಇಲ್ಲ," ಅಂದಳು ಅತ್ತೆ.

ಅಪ್ಪ ಮತ್ತೆ ಅಂಚಿಗೆ ಗಲ್ಲ ಊರಿದ. ನಂತರ ನನ್ನ ಕಡೆ ತಿರುಗದೆಯೇ, "ಕಾಟ್ರಿನ್, ಆ ಚ್ವಿಕಾವಿನವನಿಗೆ ಫೋನ್ ಮಾಡು. ಬರೋದು ಬೇಡ ಅನ್ನು," ಅಂದ.

"ಯಾಕೆ ಅಂತ ಕೇಳಿದ್ರೆ?"

ಅತ್ತೆ ಗುಂಡಿಯಿಂದ ಕೈ ತೆಗೆಯದೆ ಹೇಳಿದಳು:

"ಡ್ರೈವರ್ ಡ್ಯೂಟಿ ಮೇಲಿದ್ದಾಳೆ ಅನ್ನು."