ನಡೆದು ದಾಟುವವರ ಲೆಕ್ಕ

ಆ ಭಾನುವಾರ ಬೆಳಿಗ್ಗೆ ಪ್ಲಂಬರನಿಗೆ ಹತ್ತು ನಿಮಿಷ ಪುರುಸೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಹುಡುಗಿ ಕೇಳಿದ್ದು ಅಷ್ಟನ್ನೇ. ಕೊರಳಲ್ಲಿ ಸಂಚಾರ ಕಚೇರಿಯ ಗುರುತುಚೀಟಿ, ಕೈಯಲ್ಲಿ ಫಾರಂ. ಶುಕ್ರವಾರ ಈ ಮನೆಯಿಂದ ಯಾರು ಯಾರು ಹೊರಗೆ ಹೋದರು, ಎಲ್ಲಿಗೆ, ಎಷ್ಟು ಹೊತ್ತಿಗೆ, ನಡೆದೋ ಗಾಡಿಯಲ್ಲೋ ಎಂದು ಅವಳು ಬರೆದುಕೊಳ್ಳಬೇಕಿತ್ತು.

ಪ್ಲಂಬರ್ ಮೊದಲೇ ಹುಷಾರಾಗಿದ್ದ. ಮೂಲೆಯ ಸಲೂನಿನವನು ವಾರದಿಂದ ಎಲ್ಲರ ಕಿವಿ ಊದುತ್ತಿದ್ದ. ಓಡಾಟ ಜಾಸ್ತಿ ಎಂದು ಬರೆಸಿದರೆ ರಸ್ತೆ ಅಗಲ ಮಾಡುತ್ತಾರೆ, ಅಗಲ ಮಾಡಿದರೆ ಎಲ್ಲರ ಮೆಟ್ಟಿಲು, ಕಾಂಪೌಂಡು ಕಿತ್ತುಹೋಗುತ್ತವೆ ಎಂಬುದು ಅವನ ವಾದ. ಅರ್ಧ ತಲೆಗೂದಲು ಕತ್ತರಿಸಿಕೊಂಡು ಕೂತವರು ಬೇರೇನು ಹೇಳಿಯಾರು, ಎಲ್ಲರೂ ಹೂಂ ಅಂದಿದ್ದರು. ಒಂದು ಮನೆಗೆ ಒಂದೇ ಓಡಾಟ ಬರೆಸುವುದೆಂದು ಆ ಮನೆಸಾಲಿನ ಗಂಡಸರು ಅಲ್ಲೇ ತೀರ್ಮಾನ ಮಾಡಿಕೊಂಡಿದ್ದರು.

"ನಾನು ಒಂಬತ್ತಕ್ಕೆ ಸ್ಕೂಟರಲ್ಲಿ ಹೋಗ್ತೀನಿ, ಏಳಕ್ಕೆ ಬರ್ತೀನಿ. ಬೇರೆ ಯಾರೂ ಎಲ್ಲೂ ಹೋಗಲ್ಲ" ಅಂದ.

ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಹುಡುಗಿ ಕೇಳಿದಳು. ಹೆಂಡತಿ, ತಾಯಿ, ಸ್ಕೂಲಿಗೆ ಹೋಗುವ ಮಗಳು ಅಂದ. ಅವರನ್ನೂ ಕೇಳಬಹುದೇ ಅಂದಾಗ, "ಅವರೆಲ್ಲ ಮನೇಲೇ ಇರೋರಮ್ಮ" ಎಂದು ಬಾಗಿಲು ಮುಂದಕ್ಕೆ ತಳ್ಳಿದ.

ನಾಲ್ಕು ತಿಂಗಳು ಕಳೆದವು. ದೊಡ್ಡ ರಸ್ತೆಯ ಸಿಗ್ನಲ್‌ಗಳನ್ನೆಲ್ಲ ಹೊಸ ಲೆಕ್ಕದ ಪ್ರಕಾರ ಬದಲಾಯಿಸಿದರು. ಗಾಡಿಗಳು ಸಲೀಸಾಗಿ ಹರಿಯತೊಡಗಿದವು. ಪ್ಲಂಬರ್ ಮೊದಲಿಗಿಂತ ಏಳೆಂಟು ನಿಮಿಷ ಬೇಗ ಮನೆ ಸೇರುತ್ತಿದ್ದ. ಸರ್ಕಾರದವರು ಅಪರೂಪಕ್ಕೆ ಒಂದು ಒಳ್ಳೆ ಕೆಲಸ ಮಾಡಿದರು ಎಂದು ಸಲೂನಿನಲ್ಲಿ ಹೇಳಿಯೂ ಬಂದ.

ಹೆಂಡತಿ ಹೇಳುತ್ತಿದ್ದುದು ಬೇರೆ. ಅವರ ಸಾಲಿನ ಎದುರು ನಡೆದು ದಾಟುವವರಿಗೆ ಮೊದಲು ಇಪ್ಪತ್ತೆರಡು ಸೆಕೆಂಡು ಹಸಿರು ದೀಪವಿತ್ತು. ಈಗ ಹನ್ನೊಂದು. ಸ್ಕೂಲು, ಆಸ್ಪತ್ರೆ, ಅಂಗಡಿ, ಅವಳು ಅರ್ಧ ದಿನ ಔಷಧಿ ಬಾಟಲಿಗೆ ಲೇಬಲ್ ಅಂಟಿಸುವ ಕಾರ್ಖಾನೆ, ಎಲ್ಲ ಆಚೆ ಬದಿಗೆ. ಮಗಳ ಕೈ ಹಿಡಿದು ಓಡಿದರೆ ಹೇಗೋ ದಾಟಬಹುದು, ಅತ್ತೆಯನ್ನು ಕರೆದುಕೊಂಡು ಆಗುವುದಿಲ್ಲ ಎಂದು ಎರಡು ಸಲ ಹೇಳಿದಳು. ಸ್ವಲ್ಪ ಚುರುಕಾಗಿ ಕಾಲು ಹಾಕಿ ಎಂದು ಅವನು ಊಟ ಮುಂದುವರಿಸಿದ.

ಸಿಗ್ನಲ್ ಬದಲಾದ ಮೂರನೆಯ ವಾರ ಅವನ ತಾಯಿ ನಡುರಸ್ತೆಯಲ್ಲಿದ್ದಾಗ ಗಾಡಿಗಳಿಗೆ ಹಸಿರು ಬಿತ್ತು. ಮುಂದಿದ್ದ ವ್ಯಾನು ನಿಂತಿತು. ಅದರ ಮರೆಯಿಂದ ಬಂದ ಬೈಕಿನವನಿಗೆ ಮುದುಕಿ ಕಾಣಲಿಲ್ಲ. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಗೆ ನೋಡಲು ಬಂದವರಲ್ಲಿ ಹೆಂಡತಿಯ ತಮ್ಮನೂ ಒಬ್ಬ. ಅವನಿಗೆ ಸಂಚಾರ ಕಚೇರಿಯ ಲೆಕ್ಕದ ವಿಭಾಗದಲ್ಲೇ ಕೆಲಸ. ಪ್ಲಂಬರ್ ಅವನನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿಕೊಂಡು ಬಾಯಿಗೆ ಬಂದಂತೆ ಬೈದ. ಎ.ಸಿ. ರೂಮಿನಲ್ಲಿ ಕೂತು ಕಂಪ್ಯೂಟರ್ ಕುಟ್ಟುವವರಿಗೆ ರಸ್ತೆ ದಾಟುವವರ ಕಷ್ಟ ಏನು ಗೊತ್ತು ಅಂದ. ಬಾಮೈದ ಎಲ್ಲ ಕೇಳಿಸಿಕೊಂಡ.

"ಭಾವ, ಒಂದು ಬಿಲ್ಡಿಂಗಿಗೆ ಪೈಪ್ ಹಾಕೋಕೆ ಮುಂಚೆ ಏನು ಕೇಳ್ತೀರಿ?"

"ನಲ್ಲಿ ಎಷ್ಟು ಅಂತ. ಅದಕ್ಕೂ ಇದಕ್ಕೂ ಏನು?"

"ಓನರ್ ಸುಳ್ಳು ಹೇಳಿದ್ರೆ?"

ಪ್ಲಂಬರನಿಗೆ ಅದು ಹಳೆಯ ಹುಣ್ಣು. ಹೋದ ವರ್ಷ ಒಬ್ಬ ಮಹಾಶಯ ಮೇಲಿನ ಮಹಡಿಯ ಮೂರು ಬಚ್ಚಲು ಮುಚ್ಚಿಟ್ಟು ಸಣ್ಣ ಪೈಪ್ ಹಾಕಿಸಿಕೊಂಡಿದ್ದ. "ಮೇಲಕ್ಕೆ ನೀರು ಹತ್ತಲ್ಲ. ಆಮೇಲೆ ಬಂದು ನನ್ನನ್ನೇ ಬೈತಾನೆ" ಅಂದ.

"ನಮ್ದೂ ಪೈಪಿನ ಕೆಲಸಾನೇ. ನೀರಿನ ಬದಲು ಜನ" ಅಂದ ಬಾಮೈದ.

ಆಮೇಲೆ ಬಿಡಿಸಿ ಹೇಳಿದ. ಊರಿನ ರಸ್ತೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಪೈಪುಗಳ ಹಾಗೆ ಜೋಡಿಸಿರುತ್ತಾರೆ. ಸಿಗ್ನಲ್ ಎಂದರೆ ವಾಲ್ವ್ ಇದ್ದ ಹಾಗೆ. ಯಾವ ಬೀದಿಯಿಂದ ಎಷ್ಟು ಹೊತ್ತಿಗೆ ಎಷ್ಟು ಜನ ಎಲ್ಲಿಗೆ ಹೊರಡುತ್ತಾರೆ ಎಂದು ತುಂಬಿದರೆ, ಯಾವ ರಸ್ತೆಯಲ್ಲಿ ಎಷ್ಟು ಸೇರುತ್ತದೆ, ಒಂದು ಸಿಗ್ನಲ್ ಬದಲಾಯಿಸಿದರೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅದು ಮುಂಚಿತವಾಗಿ ಹೇಳುತ್ತದೆ. ಆದರೆ ತುಂಬಿದ್ದನ್ನು ಬಿಟ್ಟು ಬೇರೇನೂ ಅದಕ್ಕೆ ತಿಳಿಯದು. ನಲವತ್ತೊಂದು ಮನೆಗಳ ಆ ಸಾಲಿನಿಂದ ದಿನಕ್ಕೆ ನಡೆದು ದಾಟುವುದು ಒಂಬತ್ತು ಸಲ ಎಂದು ಫಾರಂಗಳಲ್ಲಿ ಬಂದಿತ್ತು. ಒಂಬತ್ತು ಸಲಕ್ಕೆ ಹನ್ನೊಂದು ಸೆಕೆಂಡು ಸಾಕು ಎಂದು ಲೆಕ್ಕ ಹೇಳಿತು.

"ರಸ್ತೆಗೆ ಅಡ್ಡ ಕಪ್ಪು ರಬ್ಬರ್ ಕೊಳವೆ ಹಾಕಿದ್ರಲ್ಲ, ಅದರಲ್ಲಿ ಗೊತ್ತಾಗಲಿಲ್ವಾ?"

"ಕೊಳವೆ ಗಾಡಿ ಚಕ್ರ ಎಣಿಸುತ್ತೆ ಭಾವ. ಅತ್ತೆ ಚಪ್ಪಲಿ ಅದಕ್ಕೆ ಗೊತ್ತಾಗಲ್ಲ. ಒಬ್ಬರು ಒಂದು ದಿನ ಅಲ್ಲಿ ನಿಂತು ಎಣಿಸಬೇಕಿತ್ತು, ನಾವು ನಿಲ್ಲಲಿಲ್ಲ. ಅದು ನಮ್ಮ ತಪ್ಪು. ಒಂಬತ್ತು ಅಂತ ಬರೆಸಿದ್ದು ಯಾರು, ನೀವೇ ಯೋಚನೆ ಮಾಡಿ."

ಪ್ಲಂಬರ್ ಸಲೂನಿನವನ ಮಾತು ಎತ್ತಿದ. ಫಾರಂ ಮೇಲಿನ ಮನೆ ನಂಬರು ಹೊರಗೆ ಹೋಗುವುದಿಲ್ಲ, ಬೀದಿಯ ಒಟ್ಟು ಲೆಕ್ಕ ಮಾತ್ರ ನೋಡುತ್ತಾರೆ ಎಂದು ಬಾಮೈದ ಹೇಳಿದ. ರಸ್ತೆ ಅಗಲ ಮಾಡುವುದಿಲ್ಲ ಎಂದು ತಾನು ಮಾತು ಕೊಡಲಾರೆ, ಆದರೆ ಸುಳ್ಳು ಲೆಕ್ಕ ನಂಬಿ ಅಗೆದರೆ ತಪ್ಪು ಜಾಗದಲ್ಲಿ ಅಗೆಯುತ್ತಾರೆ ಅಂದ.

ಇಷ್ಟು ಹೊತ್ತು ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿ ಆಗ ಬಾಯಿಬಿಟ್ಟಳು.

"ಆವತ್ತು ಆ ಹುಡುಗಿ ಬಂದಾಗ ನಾನೆಲ್ಲಿದ್ದೆ, ಹೇಳಿ ನೋಡೋಣ."

ಅವನು ನೆನಪಿಸಿಕೊಂಡ. "ನೀನು ಹಾಲು ತರೋಕೆ ಹೋಗಿದ್ದೆ."

"ರಸ್ತೆಯ ಯಾವ ಕಡೆಗೆ?"

"ಆಚೆ ಕಡೆಗೆ" ಅಂದ. ಅವಳು ಆ ಶುಕ್ರವಾರದ ಓಡಾಟವನ್ನು ಬೆರಳು ಮಡಚಿ ಎಣಿಸಿದಳು. ಮಗಳನ್ನು ಸ್ಕೂಲಿಗೆ ಬಿಟ್ಟು ಹಾಲು ಹಿಡಿದು ಬರುವುದು ಎರಡು ಸಲ. ಕಾರ್ಖಾನೆಗೆ ಹೋಗಿ ಬರುವುದು ಎರಡು. ಸಂಜೆ ಮಗಳನ್ನು ಕರೆತರಲು ಎರಡು. ಶುಕ್ರವಾರ ಅತ್ತೆಯ ಬಿ.ಪಿ. ತೋರಿಸಲು ಎರಡು. "ನಾನು ಎಂಟು ಸಲ ದಾಟಿದ ದಿನ ನೀವು ಮನೇಲೇ ಇರೋಳು ಅಂತ ಬರೆಸಿದ್ರಿ" ಅಂದಳು. ದನಿ ಏರಿಸಲಿಲ್ಲ. ಫ್ಲಾಸ್ಕ್ ತೆಗೆದುಕೊಂಡು ವಾರ್ಡಿನೊಳಕ್ಕೆ ಹೋದಳು.

ಹೊಸದಾಗಿ ಲೆಕ್ಕ ಮಾಡಿ ಎಂದು ಬಾಮೈದ ಕಚೇರಿಯಲ್ಲಿ ಅರ್ಜಿ ಹಾಕಿಸಿದ. ಎರಡು ತಿಂಗಳಿಗೆ ಅನುಮತಿ ಬಂತು. ಈ ಸಲ ಪ್ಲಂಬರ್ ತಾನೇ ಮನೆಮನೆಗೆ ಹೋಗಿ ಹೆಂಗಸರ ಕೈಗೆ ಒಂದೊಂದು ಹಾಳೆ ಕೊಟ್ಟ. ಗಂಡಸರು ತುಂಬುವ ಹಾಗಿಲ್ಲ, ಅವರವರ ಓಡಾಟ ಅವರವರೇ ಬರೆಯಬೇಕು ಅಂದ. ಸಲೂನಿನವನು ಇದೆಲ್ಲ ಬೇಡದ ಉಸಾಬರಿ ಎಂದು ನಗುತ್ತಿದ್ದ. ಅವನ ಹೆಂಡತಿಯ ಹಾಳೆಯಲ್ಲಿ ಹತ್ತು ಸಲ ಇತ್ತು. ಅದರಲ್ಲಿ ಎರಡು ಸಲ ಅವನ ಊಟದ ಡಬ್ಬಿಗೆ ಬೇಕಾದ ಸಾಮಾನು ತರಲು. ಅವನು ಕತ್ತರಿ ಕೆಳಗಿಟ್ಟು ಇನ್ನೊಮ್ಮೆ ಓದಿದ.

ಒಟ್ಟು ಮುನ್ನೂರ ಹದಿನಾರು ಸಲ. ಕಚೇರಿಯವರು ಒಬ್ಬರನ್ನು ಸಿಗ್ನಲ್ ಬಳಿ ನಿಲ್ಲಿಸಿಯೂ ಎಣಿಸಿದರು. ಹೆಚ್ಚುಕಡಿಮೆ ಅಷ್ಟೇ ಬಂತು. ದಾಟುವವರಿಗೆ ಇಪ್ಪತ್ತಾರು ಸೆಕೆಂಡು ಕೊಟ್ಟರೆ ಸಂಜೆ ಗಾಡಿಗಳ ಸಾಲು ಪೆಟ್ರೋಲ್ ಬಂಕಿನವರೆಗೆ ಬೆಳೆಯುತ್ತದೆ, ಅದನ್ನು ದಾಟುವುದಿಲ್ಲ ಎಂದು ಕಂಪ್ಯೂಟರ್ ಹೇಳಿತು. ಮುಂದಿನ ತಿಂಗಳು ಸಿಗ್ನಲ್ ಬದಲಾಯಿತು. ಸಾಲು ಬಂಕಿನ ಹತ್ತಿರಕ್ಕೇ ಬಂದು ನಿಂತಿತು. ಪ್ಲಂಬರ್ ಈಗ ಆ ಸಾಲಿನಲ್ಲಿ ಕಾಯುತ್ತಾನೆ, ಮನೆಗೆ ತಡವಾಗಿ ಬರುತ್ತಾನೆ. ಗೊಣಗುವುದಿಲ್ಲ.

ಓದುತ್ತಿರುವವರೇ, ನಿಮ್ಮ ಬಾಗಿಲಿಗೂ ಫಾರಂ ಹಿಡಿದವರು ಬರಬಹುದು. ಗುರುತುಚೀಟಿ ನೋಡಿ, ಒಳಗೆ ಕರೆಯಿರಿ. ಮನೆಯಲ್ಲಿರುವ ಪ್ರತಿಯೊಬ್ಬರೂ ಅವರವರ ಬಾಯಿಂದಲೇ ಹೇಳಲಿ. ಹಾಲಿಗೆ ಹೋಗಿದ್ದೂ ಓಡಾಟವೇ, ಮಗುವನ್ನು ಸ್ಕೂಲಿಗೆ ಬಿಟ್ಟಿದ್ದೂ ಓಡಾಟವೇ. ಹೆಚ್ಚು ಹೇಳಬೇಡಿ, ಕಡಿಮೆ ಹೇಳಬೇಡಿ. ರಸ್ತೆಯಲ್ಲಿ ಹಾಕಿದ ಎಣಿಕೆಯ ಕೊಳವೆಯನ್ನು ಕೀಳಬೇಡಿ.

ಆ ಸಾಲಿನ ಎದುರು ಹನ್ನೊಂದು ಸೆಕೆಂಡಿನ ದೀಪ ಇದ್ದದ್ದು ನಾಲ್ಕು ತಿಂಗಳು. ಗಾಡಿ ಬಡಿದು ಬಿದ್ದವರು ಮೂವರು. ಮುರಿದ ಮೂಳೆ ನಾಲ್ಕು. ಅತ್ತೆಯನ್ನು ನೋಡಿಕೊಳ್ಳಲು ಹೆಂಡತಿ ಬಿಟ್ಟ ಕೆಲಸ ಒಂದು.